ಪೆಡಲ್ ತುಳಿಯುವ ಕಾಲಿಗೆ ಸೂಜಿ

ಒಣ ಸೂಜಿ ಚುಚ್ಚುವುದನ್ನು ಕಲಿಯಲು ನನಗೆ ತಗುಲಿದ್ದು ಹದಿನೇಳು ಸಾವಿರ ರೂಪಾಯಿ. ಕ್ಲಾಸು ನಡೆಸುವವರು ಕೇಳಿದ್ದು ಇಪ್ಪತ್ತೆರಡು. ನನ್ನ ಜೊತೆ ಇನ್ನೂ ಮೂವರನ್ನು ಕರೆತರುತ್ತೇನೆ, ಮಧ್ಯಾಹ್ನದ ಬಫೆ ನಮಗೆ ಬೇಡ, ಡಬ್ಬಿ ಕಟ್ಟಿಕೊಂಡು ಬರುತ್ತೇವೆ ಎಂದು ಹೇಳಿ ಐದು ಸಾವಿರ ಇಳಿಸಿದೆ. ಮಾರತ್ತಹಳ್ಳಿಯ ಹೋಟೆಲೊಂದರ ಹಾಲ್‌ನಲ್ಲಿ ಶನಿವಾರ, ಭಾನುವಾರ ಎರಡು ದಿನದ ಕ್ಲಾಸು. ನನ್ನ ಅಕ್ಕಪಕ್ಕ ಕೂತವರಿಗೆಲ್ಲ ನನ್ನ ಮಗಳ ವಯಸ್ಸು. ನನ್ನ ವಯಸ್ಸಿನಲ್ಲಿ ಅಷ್ಟು ದುಡ್ಡು ಸುರಿದು ಯಾಕೆ ಹೋದೆ ಎಂದರೆ, ಒಂದು ಕಾಲಿನ ಗಿಣ್ಣಿಗಾಗಿ. ಐದು ತಿಂಗಳು ನನ್ನ ಎರಡೂ ಕೈಗಳಿಗೆ ಬಗ್ಗದೆ ನಿಂತ ಗಿಣ್ಣು ಅದು.

ನಾನು ಪೀಣ್ಯದಲ್ಲಿ ಮೂವತ್ತು ವರ್ಷ ಫಿಸಿಯೋಥೆರಪಿ ಮಾಡಿ ಈಚೆಗೆ ಕೈತೊಳೆದುಕೊಂಡವಳು. ಊರು ದಾವಣಗೆರೆ. ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನ ಪಕ್ಕದಲ್ಲಿ ಕೂತು, ಗಿರಾಕಿ ಎದ್ದು ಹೋಗುವಂತೆ ನಟಿಸುವುದನ್ನೂ ಅಪ್ಪ ಹೋಗಲು ಬಿಟ್ಟಂತೆ ನಟಿಸುವುದನ್ನೂ ನೋಡುತ್ತ ಬೆಳೆದೆ. ಚೌಕಾಸಿ ನನಗೆ ಅಲ್ಲಿಂದ ಬಂದದ್ದು. ಈಗ ಈ ಕೆಲಸಕ್ಕೆ ಕಾಲಿಡುತ್ತಿರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಕ್ಲಿನಿಕ್ ಎಲ್ಲಿ ಹಾಕಲಿ, ಯಾವ ಮಷೀನ್ ಕೊಳ್ಳಲಿ ಎಂದು ಕೇಳುತ್ತಾರೆ. ಅದನ್ನೆಲ್ಲ ಹೇಳುವುದಕ್ಕೆ ಬೇರೆಯವರಿದ್ದಾರೆ. ನಾನು ಹೇಳಬೇಕಾದದ್ದು ಈ ಒಂದು ಕಾಲಿನ ವಿಷಯ.

ಶುರುವಿನಲ್ಲಿ ನಾನು ಒಬ್ಬ ಮೂಳೆ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಬೆಂಚು, ಒಂದು ಮೇಣದ ತೊಟ್ಟಿ, ಕರೆಂಟ್ ಕೊಡುವ ಒಂದು ಪೆಟ್ಟಿಗೆ. ಆ ಪೆಟ್ಟಿಗೆಯಿಂದಾಗಿ ಇಡೀ ಪೀಣ್ಯ ಎರಡನೇ ಹಂತದಲ್ಲಿ ನನ್ನ ಹೆಸರೇ ಕರೆಂಟ್ ಮೇಡಂ ಎಂದಾಯಿತು. ಬಂದವರು ಕಾಲು ಚಾಚುವ ಮೊದಲೇ, "ಮೇಡಂ, ಇವತ್ತು ಸ್ವಲ್ಪ ಜಾಸ್ತಿ ಕರೆಂಟ್ ಕೊಟ್ಬಿಡಿ, ನಾಳೆ ರಜ ಇಲ್ಲ" ಅನ್ನುತ್ತಿದ್ದರು. ಜುಮ್ಮೆನ್ನದಿದ್ದರೆ ಮೋಸ ಮಾಡಿದೆ ಎಂದೇ ಅವರ ಲೆಕ್ಕ. ವ್ಯಾಯಾಮ ಹೇಳಿಕೊಟ್ಟರೆ, ಕೊಟ್ಟ ಫೀಸಿಗೆ ತಾವೇ ಕೆಲಸ ಮಾಡಬೇಕೇ ಎಂಬಂತೆ ಮುಖ ನೋಡುತ್ತಿದ್ದರು.

ಆಮೇಲೆ, ಆ ಕ್ಲಿನಿಕ್ ಬಿಡದೆಯೇ, ನಾನೇ ಕಾರ್ಖಾನೆಗಳಿಗೆ ಹೋಗಿ ಬಾಗಿಲು ತಟ್ಟಿದೆ. ವಾರಕ್ಕೊಮ್ಮೆ ನಿಮ್ಮ ಫಸ್ಟ್ ಏಡ್ ಕೋಣೆಗೆ ಬಂದು ಕೆಲಸಗಾರರ ಬೆನ್ನು, ಭುಜ, ಕಾಲು ನೋಡುತ್ತೇನೆ ಎಂದರೆ ಓನರುಗಳು ಮೊದಲು ಕೇಳುತ್ತಿದ್ದದ್ದು ಒಂದೇ, ಅಷ್ಟು ಹೊತ್ತು ಮಷೀನ್ ನಿಲ್ಲುತ್ತದಲ್ಲ ಎಂದು. ನಾನು ಅದಕ್ಕೊಂದು ಉಪಾಯ ಮಾಡಿದೆ. ಎರಡನೇ ಶಿಫ್ಟ್ ಎರಡು ಗಂಟೆಗೆ. ಅದಕ್ಕೆ ಬರುವವರು ಒಂದು ಗಂಟೆಗೇ ಬರಲಿ, ನೋಡಿ ಕಳಿಸುತ್ತೇನೆ, ಅಲ್ಲಿಂದ ಅವರು ನೇರ ಮಷೀನಿಗೆ. ಒಬ್ಬ ಆಳೂ ಕೆಲಸ ಬಿಟ್ಟು ಬರುವ ಹಾಗಿಲ್ಲ. ಈ ಒಂದು ಮಾತಿಗೆ ಏಳು ಕಾರ್ಖಾನೆಗಳು ಒಪ್ಪಿದವು. ಇದಕ್ಕಿಂತ ಜಾಣ ಕರಾರು ಪೀಣ್ಯದಲ್ಲಿ ಯಾರೂ ಮಾಡಿಲ್ಲ ಎಂದು ನಾನು ಬೀಗುತ್ತಿದ್ದೆ. ಆ ಜಾಣತನವೇ ನನ್ನ ಕೈಯಲ್ಲಿ ಆದ ದೊಡ್ಡ ತಪ್ಪಿನ ಬೇರು.

ಮುನಿರಾಜು ಅವರು ನನ್ನ ಹತ್ತಿರ ಬಂದದ್ದು ಹೀಗೆ. ಕ್ಲಿನಿಕ್ಕಿನೊಳಗೆ ಕುಂಟುತ್ತ ಬಂದರು, ಕೂತರು, ನನ್ನ ಮೇಜಿನ ಮೇಲೆ ಎರಡೂ ಅಂಗೈಗಳನ್ನು ಅಗಲಿಸಿ ಇಟ್ಟರು.

"ಎಣಿಸ್ಕಳಿ ಮೇಡಂ."

ನಾನು ಕನ್ನಡಕ ಏರಿಸಿ ಒಂದೊಂದೇ ಬೆರಳು ಮುಟ್ಟಿ ನೋಡಿದೆ. ಏನೂ ಕಾಣಲಿಲ್ಲ. "ಕೈಗೆ ಏನಾಗಿದೆ?"

"ಕೈಗೇನೂ ಆಗಿಲ್ಲ. ಅದ್ಕೇ ತೋರ್ಸಿದ್ದು. ಇಪ್ಪತ್ತೆಲ್ಡು ವರ್ಸ ಪವರ್ ಪ್ರೆಸ್ಸು. ಆಗಿರೋದು ಕಾಲ್ಗೆ."

ಅದು ಪ್ರೆಸ್ ಕೆಲಸಗಾರರ ಪದ್ಧತಿ. ಹೊಸ ಜಾಗದಲ್ಲಿ ಕೆಲಸ ಕೇಳಲು ಹೋದರೆ ಅವರು ಕಾಗದ ತೋರಿಸುವ ಮೊದಲು ಕೈ ತೋರಿಸುತ್ತಾರೆ. ಪ್ರೆಸ್ ಎಂದರೆ ತಗಡಿನ ತುಂಡನ್ನು ಕೈಯಿಂದ ಅಚ್ಚಿನೊಳಗೆ ಇಡುವುದು, ಕೈ ಹೊರಗೆ ತೆಗೆಯುವುದು, ಕಾಲಲ್ಲಿ ಪೆಡಲ್ ತುಳಿಯುವುದು. ಮೇಲಿನಿಂದ ಟನ್‌ಗಟ್ಟಲೆ ಭಾರ ಒಮ್ಮೆ ಇಳಿದು ಏರುತ್ತದೆ. ತಗಡು ಬಟ್ಟಲಾಗುತ್ತದೆ, ಕೊಂಡಿಯಾಗುತ್ತದೆ. ಇಡು, ತೆಗೆ, ತುಳಿ. ದಿನಕ್ಕೆ ಸಾವಿರಾರು ಸಲ. ಅಷ್ಟು ವರ್ಷ ಇದನ್ನು ಮಾಡಿಯೂ ಹತ್ತು ಬೆರಳು ಉಳಿಸಿಕೊಂಡವನನ್ನು ಆ ಸಾಲಿನ ಕಾರ್ಖಾನೆಗಳು ಹುಡುಕಿಕೊಂಡು ಬರುತ್ತವೆ.

ನೆಲಮಂಗಲದ ಹತ್ತಿರ ಸ್ಕೂಟರ್ ಜಾರಿ ಅವರ ಬಲಗಾಲಿನ ಗಿಣ್ಣು ಮುರಿದಿತ್ತು. ಡಾಕ್ಟರು ಪ್ಲೇಟ್ ಹಾಕಿ, ಪಟ್ಟಿ ಬಿಚ್ಚಿ, ಮೂಳೆ ಕೂಡಿದೆ ಎಂದು ಹೇಳಿ ನನ್ನ ಹತ್ತಿರ ಕಳಿಸಿದ್ದರು. ಮೂಳೆ ಕೂಡಿತ್ತು ನಿಜ. ಆದರೆ ಪಾದ ಮೇಲಕ್ಕೆ ಬಾಗುತ್ತಲೇ ಇರಲಿಲ್ಲ. ಮೀನಖಂಡ ಮರದ ಹಲಗೆಯಂತೆ ಬಿಗಿದು, ಹಿಮ್ಮಡಿ ನೆಲ ಮುಟ್ಟಲು ಒಪ್ಪದೆ, ಬೆರಳ ತುದಿ ಕೆಳಗೆ ಇಳಿಬಿದ್ದೇ ಇರುತ್ತಿತ್ತು. ಪೆಡಲಿನ ಮೇಲೆ ಪಾದ ಇಟ್ಟುಕೊಂಡು ನಿಲ್ಲಲು ಆಗದೆ ಅವರು ಪ್ರತಿ ಸಲವೂ ಇಡೀ ಕಾಲನ್ನು ಸೊಂಟದಿಂದ ಎತ್ತಿ ಎತ್ತಿ ತುಳಿಯುತ್ತಿದ್ದರಂತೆ. ಸಂಜೆ ಹೊತ್ತಿಗೆ ಸೊಂಟ ಬಿದ್ದುಹೋಗುತ್ತಿತ್ತು.

"ಆಯುಧ ಪೂಜೆ ಒತ್ಗೆ ಸರಿ ಓಗ್ಲಿಲ್ಲ ಅಂದ್ರೆ ಪ್ಯಾಕಿಂಗ್‌ಗೆ ಆಕ್ತೀನಿ ಅಂದವ್ರೆ ಓನರ್ರು" ಎಂದರು. "ಪ್ಯಾಕಿಂಗ್ ಅಂದ್ರೆ ಡಬ್ಬುಕ್ಕೆ ಟೇಪ್ ಅಂಟ್ಸೋದು ಮೇಡಂ. ನಂಗೆ ಮಷೀನ್ ಬೇಕು. ಕೈ ಇಂಗೇ ಇರ್ಬೇಕು, ಕಾಲೂ ಸರಿ ಓಗ್ಬೇಕು. ಅಷ್ಟ್ ಮಾಡ್ಕೊಡಿ."

ನಾನು ಅವರ ಕಾರ್ಡಿನಲ್ಲಿ ಬರೆದುಕೊಂಡೆ: ವೃತ್ತಿ, ನಿಂತು ಮಾಡುವ ಕೆಲಸ. ಅದಕ್ಕಿಂತ ಒಂದಕ್ಷರ ಹೆಚ್ಚು ಬರೆಯಲಿಲ್ಲ.

ಐದು ತಿಂಗಳು ಮೇಣ, ಕರೆಂಟು, ಕೈಯಲ್ಲಿ ಒತ್ತಿ ಬಗ್ಗಿಸುವುದು, ಎಲ್ಲ ಮಾಡಿದೆ. ನಾನು ಬಗ್ಗಿಸಿದಷ್ಟು ಹೊತ್ತು ಬಗ್ಗಿ, ಕೈ ಬಿಟ್ಟ ಕೂಡಲೇ ಗಿಣ್ಣು ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ಆಗಲೇ ಒಣ ಸೂಜಿಯ ಮಾತು ನನ್ನ ಕಿವಿಗೆ ಬಿದ್ದದ್ದು. ಕೂದಲಿನಷ್ಟು ತೆಳ್ಳನೆಯ ಸೂಜಿ, ಒಳಗೆ ಔಷಧಿ ಇಲ್ಲ. ಬಿಗಿದ ಮಾಂಸಖಂಡದಲ್ಲಿ ಬೆರಳಿಗೆ ಸಿಗುವ ಗಂಟನ್ನು ಹುಡುಕಿ ಅದಕ್ಕೇ ನೇರ ಚುಚ್ಚುವುದು. ನಾನು ಕ್ಲಾಸಿಗೆ ಹೋಗುತ್ತೇನೆ ಎಂದಾಗ ಡಾಕ್ಟರು ಕುರ್ಚಿಗೆ ಒರಗಿ ನಕ್ಕರು.

"ಔಷಧಿ ಇಲ್ಲದ ಸೂಜಿ ಅಂದ್ರೆ ಏನಮ್ಮಾ? ಖಾಲಿ ಬಸ್ ಓಡಿಸಿದ ಹಾಗೆ."

"ಡಿಪೋಗೆ ಹೋಗೋ ಬಸ್ಸೂ ಖಾಲಿನೇ ಸಾರ್. ಅದೂ ಹೋಗ್ಲೇಬೇಕಲ್ಲ."

"ಹೋಗಿ, ಹೋಗಿ. ದುಡ್ಡು ನಿಮ್ಮದು" ಎಂದರು. ಆದರೆ ಸೋಮವಾರ ಬಂದ ಕೂಡಲೇ ಮೊದಲು ವಿಚಾರಿಸಿದವರು ಅವರೇ.

ಕ್ಲಾಸಿನಲ್ಲಿ ಒಬ್ಬರಿಗೊಬ್ಬರು ಚುಚ್ಚಿಕೊಂಡು ಕಲಿತೆವು. ನನಗೆ ಅಷ್ಟು ಸಾಲಲಿಲ್ಲ. ಮನೆಗೆ ಬಂದು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ನನ್ನ ಮೀನಖಂಡಕ್ಕೆ ನಾನೇ ಚುಚ್ಚಿಕೊಂಡೆ. ಚರ್ಮ ದಾಟುವಾಗ ಸೊಳ್ಳೆ ಕಚ್ಚಿದಷ್ಟೂ ನೋವಿಲ್ಲ. ಒಳಗೆ ಹೋಗುತ್ತ ಹೋಗುತ್ತ ಸೂಜಿಯ ತುದಿ ಗಂಟನ್ನು ಮುಟ್ಟಿದ ಕ್ಷಣ ಮಾಂಸಖಂಡ ಒಳಗೇ ಒಮ್ಮೆ ಫಕ್ಕನೆ ಸೆಳೆದು ಹೊಡೆಯಿತು. ನಾನು ಕಾಲು ಅಲ್ಲಾಡಿಸಿರಲಿಲ್ಲ. ಕಾಲು ನನ್ನದು, ಸೂಜಿ ನನ್ನದು, ಅಪ್ಪಣೆ ಮಾತ್ರ ನನ್ನದಾಗಿರಲಿಲ್ಲ. ಅದಾದ ಮೇಲೆ ಬೆಲ್ಲದ ಪಾಕ ಇಳಿದಂತೆ ಒಂದು ಸಡಿಲ. ಇಷ್ಟು ವರ್ಷ ಈ ದೇಹದ ಮೇಲೆ ಕೈಯಿಟ್ಟು ಬದುಕಿದ್ದೇನೆ, ಇದರ ಒಳಗೆ ನನ್ನನ್ನು ಕೇಳದೆ ನಡೆಯುವ ಇಂಥದ್ದೊಂದಿದೆ ಎಂದು ಗೊತ್ತೇ ಇರಲಿಲ್ಲವಲ್ಲ ಎಂದುಕೊಂಡು ಬಹಳ ಹೊತ್ತು ಸ್ಟೂಲಿನ ಮೇಲಿನ ಕಾಲನ್ನೇ ನೋಡುತ್ತ ಕೂತಿದ್ದೆ.

ಮೊದಮೊದಲು ಎಡವಟ್ಟುಗಳೂ ಆದವು. ಬೊಮ್ಮಸಂದ್ರದ ಔಷಧಿ ಕಾರ್ಖಾನೆಯೊಂದರಿಂದ ಹಿಮ್ಮಡಿ ನೋವೆಂದು ಬಂದ ಹೆಣ್ಣುಮಗಳೊಬ್ಬಳು, ಸೂಜಿ ಚುಚ್ಚಿದ ಎರಡೇ ನಿಮಿಷಕ್ಕೆ ಬೆವತು ಕಣ್ಣು ತೇಲಿಸಿದಳು. ರಾತ್ರಿ ಶಿಫ್ಟ್ ಮುಗಿಸಿ, ಕಂಪನಿ ಬಸ್ಸಿಳಿದು, ಕಾಫಿ ಕೂಡ ಕುಡಿಯದೆ ಬಂದಿದ್ದಳು. ನಾನು ಅದನ್ನು ಕೇಳಿಯೇ ಇರಲಿಲ್ಲ. ಕಾಲು ಮೇಲೆತ್ತಿ ಮಲಗಿಸಿ ಸಕ್ಕರೆ ನೀರು ಕುಡಿಸಿದ ಮೇಲೆ ಎದ್ದು ಕೂತು, "ಮೇಡಂ, ನೋವು ಹೋಯ್ತು, ಜೀವಾನೂ ಹೋಗ್ತಿತ್ತು" ಎಂದಳು. ಅಂದಿನಿಂದ ಊಟ ಆಯಿತೇ ಎಂದು ಕೇಳದೆ ನಾನು ಸೂಜಿಯ ಪೊಟ್ಟಣ ಹರಿದದ್ದಿಲ್ಲ.

ಮುನಿರಾಜು ಅವರಿಗೆ ಭಾನುವಾರ ರಜ. ಆರು ಭಾನುವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಬಂದು ಸೂಜಿ ಹಾಕಿಸಿಕೊಂಡರು. ಮೊದಲ ದಿನ ಮಾಂಸಖಂಡ ಹೊಡೆದುಕೊಂಡಾಗ ತಲೆ ಎತ್ತಿ, "ನಾನ್ ಅಳ್ಳಾಡಿಸ್ಲಿಲ್ಲ ಮೇಡಂ, ಅದೇ ಅಳ್ಳಾಡ್ತು" ಎಂದು ಕಳ್ಳ ಸಿಕ್ಕಿಬಿದ್ದಂತೆ ಹೇಳಿದರು. ಸೂಜಿ ತೆಗೆದ ಮೇಲೆ ಗೋಡೆಯ ಪರೀಕ್ಷೆ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಬೇಕು. ಹೆಬ್ಬೆರಳು ಗೋಡೆಯಿಂದ ಎಷ್ಟು ಹಿಂದಿದ್ದರೂ ಮಂಡಿ ಮುಟ್ಟುತ್ತದೋ ಅಷ್ಟು ಗಿಣ್ಣು ಬಗ್ಗುತ್ತದೆ ಎಂದು ಲೆಕ್ಕ. ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದೆ. ಐದು ತಿಂಗಳು ಗೋಡೆಗೆ ಅಂಟಿಕೊಂಡೇ ಇದ್ದ ಗೆರೆ ಮೊದಲ ದಿನವೇ ಅರ್ಧ ಇಂಚು ಹಿಂದೆ ಬಂತು.

ಸೂಜಿಯಿಂದಲೇ ಎಲ್ಲ ಆಯಿತು ಎಂದು ನಾನು ಹೇಳುವುದಿಲ್ಲ. ಸೂಜಿ ಕೊಟ್ಟ ಸಡಿಲ ಒಂದೆರಡು ದಿನ ಇರುತ್ತದೆ, ಅಷ್ಟರೊಳಗೆ ಎಳೆದು ಹಿಗ್ಗಿಸಿ ಅದನ್ನು ಉಳಿಸಿಕೊಳ್ಳಬೇಕು. ಮುನಿರಾಜು ಅವರು ತಮ್ಮ ಕಾರ್ಖಾನೆಯ ಟೂಲ್ ರೂಮಿನಲ್ಲಿ ತಗಡಿನ ಒಂದು ಇಳಿಜಾರು ಹಲಗೆ ವೆಲ್ಡ್ ಮಾಡಿಸಿಕೊಂಡರು. ಬೆಳಿಗ್ಗೆ, ಸಂಜೆ ಅದರ ಮೇಲೆ ನಿಂತು ಮೀನಖಂಡ ಎಳೆಯುವುದು, ಮಂಡಿ ನೇರ ಇಟ್ಟು ಒಮ್ಮೆ, ಬಗ್ಗಿಸಿ ಒಮ್ಮೆ. ಹಲ್ಲುಜ್ಜುವುದೂ ಅದರ ಮೇಲೆಯೇ ಅಂತೆ. ಆರನೆಯ ಭಾನುವಾರ ಗೆರೆ ಮೂರು ಇಂಚು ಹಿಂದಿತ್ತು. ಅವರು ನನ್ನ ಕೋಣೆಯ ನಡುವೆ ಎರಡೂ ಹಿಮ್ಮಡಿ ಊರಿ ಕುಕ್ಕರಗಾಲಿನಲ್ಲಿ ಕೂತರು. ಕೂತವರು ಏಳಲಿಲ್ಲ. ಹಾಗೇ ಕೂತು ನೆಲ ಸವರುತ್ತಿದ್ದರು. ಡಾಕ್ಟರನ್ನು ಕರೆದು ತೋರಿಸಿದೆ. ಅವರು ಬಗ್ಗಿ, ಗಿಣ್ಣನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ ಎದ್ದು ಹೋದರು. ಖಾಲಿ ಬಸ್ಸಿನ ಮಾತು ಮತ್ತೆ ಬರಲಿಲ್ಲ.

ಏಳನೆಯ ಸಲ ನಾನು ತಪ್ಪಿದೆ. ಆ ಭಾನುವಾರ ನನಗೆ ಮನೆಯಲ್ಲಿ ಕೆಲಸವಿತ್ತು. "ಬುಧವಾರ ನಿಮ್ಮ ಕಾರ್ಖಾನೆಗೆ ಬರ್ತೀನಲ್ಲ, ಅಲ್ಲೇ ಹಾಕ್ಬಿಡ್ತೀನಿ" ಎಂದೆ. ಒಂದೂಕಾಲಿಗೆ ಫಸ್ಟ್ ಏಡ್ ಕೋಣೆಯಲ್ಲಿ ಮಲಗಿಸಿ, ಅದುವರೆಗೆ ಮುಟ್ಟದಿದ್ದ ಒಳಪದರದ ಗಂಟಿಗೆ ಚುಚ್ಚಿದೆ. ಅಷ್ಟು ಜೋರಾಗಿ ಹೊಡೆದುಕೊಂಡದ್ದನ್ನು ನಾನು ಬೇರೆ ಯಾರಲ್ಲೂ ಕಂಡಿರಲಿಲ್ಲ. ಸೂಜಿ ತೆಗೆದು, ಎಳೆದು, ಗೋಡೆಗೆ ನಿಲ್ಲಿಸಿದೆ. ಗೆರೆ ಎಡಗಾಲಿಗೆ ಸಮನಾಗಿತ್ತು. ಎರಡು ಗಂಟೆಯ ಸೈರನ್ ಆಯಿತು. ಅವರು ಬೂಟು ಹಾಕಿಕೊಂಡು ಮಷೀನಿಗೆ ಹೋದರು. ನಾನು ಮುಂದಿನ ಕಾರ್ಖಾನೆಗೆ ಹೋದೆ.

ನಾಲ್ಕು ಗಂಟೆಗೆ ಫೋನು. ಕಾರ್ಖಾನೆಯ ಓನರ್, ಗದಗ ಕಡೆಯ ಪಾಟೀಲರು.

"ಮೇಡಮ್ಮಾರ, ನಿಮ್ಮ ಮುನಿರಾಜಂದು ಇವತ್ತ ಬೆರಳು ಹೋಗೋದು ಒಂದ ಕೂದಲದಾಗ ಉಳದೈತಿ. ಏನ್ ಚುಚ್ಚೀರಿ ಅವಂಗ?"

ಆಟೋ ಹಿಡಿದು ಹೋದೆ. ಮುನಿರಾಜು ಅವರು ಮಷೀನಿನ ಪಕ್ಕದ ಡ್ರಮ್ಮಿನ ಮೇಲೆ ಕೂತಿದ್ದರು. ಕೈಯಲ್ಲಿ ಗ್ಲೌಸು. ಅದರ ತೋರುಬೆರಳಿನ ತುದಿ ಇರಲಿಲ್ಲ. ಉಗುರಿನ ಅಂಚು ಸೀಳಿ ಒಂದು ಗೆರೆ ರಕ್ತ, ಅಷ್ಟೇ. ಗ್ಲೌಸು ಒಂದು ಸೈಜು ದೊಡ್ಡದಿತ್ತು, ಅದರಿಂದ ಬೆರಳು ಉಳಿದಿತ್ತು.

"ಕಾಲು ಮಾತ್ ಕೇಳ್ಲಿಲ್ವಾ ಮುನಿರಾಜು?"

"ಕಾಲ್ದೇನೂ ತಪ್ಪಿಲ್ಲ ಮೇಡಂ. ಅದು ಅದ್ರ ಕೆಲ್ಸ ಮಾಡ್ತು. ಕೈ ಇನ್ನೂ ಒಳಗಿತ್ತು."

ಆರೇಳು ವರ್ಷದಿಂದ ವಾರವಾರ ಆ ಕಾರ್ಖಾನೆಗೆ ಹೋಗುತ್ತಿದ್ದೆ. ಫಸ್ಟ್ ಏಡ್ ಕೋಣೆ ದಾಟಿ ಮಷೀನಿನ ಹತ್ತಿರ ನಿಂತು ನೋಡಿದ್ದು ಅದೇ ಮೊದಲು. ಕರೆಂಟ್ ತೆಗೆಸಿ, ಮಷೀನ್ ನಿಂತಿರುವಾಗಲೇ ಕೆಲಸ ಮಾಡಿ ತೋರಿಸಿ ಎಂದೆ. ಮೊದಲು, ಕಾಲು ಬಿಗಿದಿದ್ದಾಗ ಮಾಡುತ್ತಿದ್ದ ಹಾಗೆ. ಅವರು ತಗಡು ಇಟ್ಟರು, ಮಂಡಿ ಮೇಲೆದ್ದಿತು, ಮಂಡಿ ಪೂರ್ತಿ ಮೇಲೆ ಬಂದಾಗ ಕೈ ಹೊರಗೆ ಬಂತು, ಕಾಲು ಇಳಿದು ಪೆಡಲ್ ತುಳಿಯಿತು. ಮತ್ತೆ ಮಾಡಿಸಿದೆ. ಮತ್ತೆ. ಕೈ ಕಣ್ಣನ್ನು ಕಾಯುತ್ತಿರಲಿಲ್ಲ, ಮಂಡಿಯನ್ನು ಕಾಯುತ್ತಿತ್ತು. ಮಂಡಿ ಎದ್ದಿತೆಂದರೆ ಹೊರಡು ಎಂದು ಅದಕ್ಕೆ ಸನ್ನೆ.

"ಈಗ ಇವತ್ತು ಮಾಡಿದ ಹಾಗೆ ಮಾಡಿ."

ಅವರು ನಿಂತರು. ಹಿಮ್ಮಡಿ ತಾನಾಗಿ ನೆಲಕ್ಕೆ ಹೋಗಿ ಕೂತಿತು. ಪಾದದ ಮುಂಭಾಗ ತಾನಾಗಿ ಪೆಡಲಿನ ಮೇಲೆ ಮಲಗಿತು. ಅಪಘಾತಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಅದು ನಿಂತಿದ್ದದ್ದು ಹಾಗೆಯೇ. ಹಿಂದಿನ ಭಾನುವಾರಗಳಲ್ಲಿ ಗಿಣ್ಣು ಪೂರ್ತಿ ಬಿಟ್ಟಿರಲಿಲ್ಲ, ಮಷೀನಿಗೆ ಹೋಗುವ ಮೊದಲು ಒಂದು ದಿನದ ಬಿಡುವೂ ಇತ್ತು, ಹಾಗಾಗಿ ಅದುವರೆಗೆ ಮಂಡಿ ಎತ್ತುವ ರೂಢಿಯೇ ನಡೆದಿತ್ತು. ತಗಡು ಇಟ್ಟರು, ಕಾಲ್ಬೆರಳ ತುದಿ ಬಗ್ಗಿತು, ಮುಗಿಯಿತು. ಮಂಡಿ ಏಳಲೇ ಇಲ್ಲ. ಏಳೆಂಟು ತಿಂಗಳಲ್ಲಿ ಮಂಡಿಯ ಸನ್ನೆಗೆ ಒಗ್ಗಿಹೋಗಿದ್ದ ಕೈ, ಬಾರದ ಸನ್ನೆಗಾಗಿ ಅಚ್ಚಿನೊಳಗೆ ಕಾಯುತ್ತ ಕೂತಿತ್ತು. ನಾನು ಗಿಣ್ಣನ್ನು ಬಿಡಿಸಿದ್ದೇ ತಡ ಕಾಲು ತನ್ನ ಹಳೆಯ ಕಾಲಕ್ಕೆ ಹೋಗಿಬಿಟ್ಟಿತ್ತು, ಕೈ ಮಾತ್ರ ಹೊಸ ಕಾಲದಲ್ಲೇ ನಿಂತಿತ್ತು. ಒಂದೇ ಮನುಷ್ಯನ ಮೈಯಲ್ಲಿ ಎರಡು ಗಡಿಯಾರ, ಅವನಿಗೇ ಗೊತ್ತಿಲ್ಲ. ನನ್ನ ತಪ್ಪಿನ ಹೆದರಿಕೆಯ ನಡುವೆಯೂ ನಾನು ಬಾಯಿಗೆ ಸೆರಗು ಒತ್ತಿಕೊಂಡು ಆ ಕಾಲನ್ನೂ ಆ ಕೈಯನ್ನೂ ಬೆರಗಿನಿಂದ ನೋಡುತ್ತಿದ್ದೆ.

ಮರುದಿನ ಅವರನ್ನು ಪ್ಯಾಕಿಂಗಿಗೆ ಹಾಕಿದರು. ಯಾವುದು ಆಗಬಾರದು ಎಂದು ಅವರು ನನ್ನ ಹತ್ತಿರ ಬಂದಿದ್ದರೋ ಅದನ್ನು ನಾನೇ ತಂದುಕೊಟ್ಟ ಹಾಗಾಯಿತು. ದಿನಾ ಸಂಜೆ ಹೋಗಿ, ನಿಂತ ಮಷೀನಿನಲ್ಲಿ ಅವರಿಗೆ ಅಭ್ಯಾಸ ಮಾಡಿಸಿದೆ. ಇಡು, ತೆಗೆ ಎಂದು ಬಾಯಲ್ಲಿ ಹೇಳಿ, ಕೈ ಎದೆಗೆ ಮುಟ್ಟಿದ ಮೇಲೆ ತುಳಿ. ಎರಡು ವಾರ ಮಾಡಿದರೂ ನೂರರಲ್ಲಿ ಒಂದೆರಡು ಸಲ ಕಾಲು ಮುಂದಾಗುತ್ತಿತ್ತು.

ಅಷ್ಟರಲ್ಲಿ ಪಾಟೀಲರಿಗೆ ಒಂದು ದೊಡ್ಡ ಆರ್ಡರ್ ಬಂತು. ಆ ಅಚ್ಚಿನಲ್ಲಿ ಸರಿಯಾಗಿ ಮಾಲು ತೆಗೆಯುವ ಕೈ ಮುನಿರಾಜು ಅವರದ್ದೊಂದೇ. ಇವರು ಮಷೀನಿಗೆ ನಿಲ್ಲಬಹುದು ಎಂದು ನೀವು ಬರೆದು ಸೈನ್ ಹಾಕಿ ಕೊಡಿ, ನಾಳೆಯೇ ನಿಲ್ಲಿಸುತ್ತೇನೆ ಎಂದರು. ಮುನಿರಾಜು ಅವರು ಕ್ಲಿನಿಕ್ಕಿಗೆ ಓಡಿ ಬಂದರು.

"ಸೈನ್ ಆಕ್ಬಿಡಿ ಮೇಡಂ. ಬರೀ ಒಂದೆಲ್ಡು ಸಲ ತಾನೇ."

"ಆ ಒಂದೆರಡರಲ್ಲಿ ಯಾವ ಬೆರಳು ಕೊಡ್ತೀರಾ ಮುನಿರಾಜು? ಹೇಳಿ, ಅದನ್ನೂ ಬರೆದು ಸೈನ್ ಹಾಕ್ತೀನಿ."

ಅವರ ಮುಖ ಕೆಂಪಾಯಿತು. "ಬಿಗಿದಿದ್ದಾಗ್ಲೇ ಚೆನ್ನಾಗಿತ್ತು. ಸೊಂಟ ನೋಯ್ತಿತ್ತು, ಮಷೀನ್ ಇತ್ತು. ನೀವ್ ಬಿಡಿಸಿದ್ರಿ, ಮಷೀನ್ ಓಯ್ತು" ಎಂದು ಎದ್ದು ಹೋದರು. ಯಾರೂ ಅಷ್ಟು ನ್ಯಾಯವಾಗಿ ನನ್ನನ್ನು ಬೈದಿರಲಿಲ್ಲ.

ರಾತ್ರಿಯೆಲ್ಲ ಯೋಚಿಸಿದೆ. ಕಾಲನ್ನು ಮತ್ತೆ ಬಿಗಿ ಮಾಡಲಾಗದು. ಕೈಗೆ ಪೂರ್ತಿ ಪಾಠ ಆಗಲು ಎಷ್ಟು ತಿಂಗಳೋ ಗೊತ್ತಿಲ್ಲ. ಹಾಗಾದರೆ ಉಳಿದದ್ದು ಪೆಡಲ್. ಬೇರೊಂದು ಕಾರ್ಖಾನೆಯಲ್ಲಿ ಪೆಡಲಿಲ್ಲದ ಪ್ರೆಸ್ ಕಂಡಿದ್ದೆ. ಎರಡು ಗುಂಡಿ, ಎರಡೂ ಕೈ ಅವುಗಳ ಮೇಲಿದ್ದರೆ ಮಾತ್ರ ಭಾರ ಇಳಿಯುತ್ತದೆ. ಕೈ ಒಳಗಿದ್ದರೆ ಮಷೀನ್ ಅಲ್ಲಾಡುವುದೇ ಇಲ್ಲ. ಬೆಳಿಗ್ಗೆ ಪಾಟೀಲರ ಎದುರು ಹೋಗಿ ಕೂತೆ.

"ಸೈನ್ ಹಾಕ್ತೀನಿ ಸಾರ್. ಪೆಡಲ್ ತೆಗೆಸಿ, ಎರಡು ಗುಂಡಿ ಹಾಕಿಸಿ."

"ನೀವ ಸೂಜಿ ಚುಚ್ಚೋರು. ಮಷೀನಿನ ಉಸಾಬರಿ ನಿಮಗ್ಯಾಕ್ರಿ? ಎರಡೂ ಕೈಲೆ ಗುಂಡಿ ಒತ್ತಕೋಂತ ಕುಂತ್ರ ದಿನದ ಮಾಲು ಕಮ್ಮಿ ಆಗತೈತಿ."

"ಅವರು ಪ್ಯಾಕಿಂಗಿನಲ್ಲಿ ಕೂತಿದ್ರೆ ಆ ಅಚ್ಚಿನ ಮಾಲು ಎಷ್ಟಾಗುತ್ತೆ ಸಾರ್?"

ನಾನು ಬ್ಯಾಗಿನಿಂದ ಗ್ಲೌಸಿನ ತುಂಡನ್ನು ತೆಗೆದು ಅವರ ಮೇಜಿನ ಗಾಜಿನ ಮೇಲಿಟ್ಟೆ. ಅಂದು ಮಷೀನಿನ ಕೆಳಗಿಂದ ಹೆಕ್ಕಿಕೊಂಡಿದ್ದೆ. ಇಟ್ಟು ಬಾಯಿ ಮುಚ್ಚಿಕೊಂಡೆ. ಚೌಕಾಸಿಯಲ್ಲಿ ಎಲ್ಲರೂ ತಪ್ಪುವುದು ಇಲ್ಲಿ. ಸರಕು ಮುಂದಿಟ್ಟ ಮೇಲೂ ಮಾತಾಡುತ್ತಾರೆ. ಪಾಟೀಲರು ಆ ತುಂಡನ್ನು ಪೆನ್ನಿನಿಂದ ಒಮ್ಮೆ ಸರಿಸಿದರು, ಚಹಾ ತರಿಸಿದರು, ಚಹಾ ಕುಡಿಯಲಿಲ್ಲ.

"ಬುಧವಾರದ ಹೊತ್ತು ಬದಲಾಯಿಸ್ತೀನಿ" ಎಂದೆ ಆಮೇಲೆ. "ಕೆಲಸಕ್ಕೆ ಬರೋರನ್ನಲ್ಲ, ಶಿಫ್ಟ್ ಮುಗಿಸಿ ಮನೆಗೆ ಹೋಗೋರನ್ನ ನೋಡ್ತೀನಿ. ಮೂರು ತಿಂಗಳು ವಾರಕ್ಕೆ ಎರಡು ಸಲ, ಅದೇ ದುಡ್ಡಿಗೆ."

"ಒಂದ ಮಷೀನ್ ಅಷ್ಟ" ಎಂದರು ಪಾಟೀಲರು. "ಮುಂದಿಂದು ಮುಂದ ನೋಡೂಣು."

"ಒಂದೇ ಸಾರ್."

ಗುಂಡಿ ಕೂರಿಸಲು ಒಂದು ವಾರ ಹಿಡಿಯಿತು. ಪೆಡಲ್ ಬಿಚ್ಚಿ ಗುಜರಿ ಮೂಲೆಗೆ ಹಾಕಿದ್ದನ್ನು ಕಣ್ಣಾರೆ ನೋಡಿದ ಮೇಲೆ ಸೈನ್ ಹಾಕಿದೆ. ಮುನಿರಾಜು ಅವರು ಮೊದಲ ದಿನ ಮಷೀನಿಗೆ ನಿಂತಾಗ ನನ್ನೊಂದಿಗೆ ಮಾತಾಡಲಿಲ್ಲ. ತಗಡು ಇಟ್ಟರು, ಎರಡೂ ಅಂಗೈಗಳಿಂದ ಗುಂಡಿ ಒತ್ತಿದರು. ಧಡ್ ಎಂದು ಇಳಿದು ಏರಿತು. ಇನ್ನೊಂದು, ಮತ್ತೊಂದು. ಹತ್ತು ನಿಮಿಷದಲ್ಲಿ ಕೈಗೆ ಲಯ ಹತ್ತಿತು. ನನ್ನ ಕಣ್ಣು ಕೆಳಗೆ ಹೋಯಿತು.

ಬಲಗಾಲು ಕೆಲಸ ಮಾಡುತ್ತಿತ್ತು. ಹಿಮ್ಮಡಿ ನೆಲಕ್ಕೂರಿ, ಪಾದದ ಮುಂಭಾಗ ಒಂದಿಷ್ಟು ಎದ್ದು, ಪ್ರತಿ ಸಲ ಭಾರ ಇಳಿಯುವ ಹೊತ್ತಿಗೆ ಸರಿಯಾಗಿ, ಏನೂ ಇಲ್ಲದ ಸಿಮೆಂಟ್ ನೆಲವನ್ನು ಒತ್ತುತ್ತಿತ್ತು. ನಾನು ತಿಂಗಳುಗಟ್ಟಲೆ ಬಿಡಿಸಿದ ಆ ಗಿಣ್ಣು ಎಣ್ಣೆ ಹಾಕಿದ ಕೀಲಿನಂತೆ ಮೇಲೆ ಕೆಳಗೆ ಆಡುತ್ತಿತ್ತು. ಅದರಿಂದ ಯಾರಿಗೂ ಅಪಾಯವಿರಲಿಲ್ಲ, ಯಾರಿಗೂ ಉಪಯೋಗವೂ ಇರಲಿಲ್ಲ. ದೇವಸ್ಥಾನದಲ್ಲಿ ನಿಂತ ಹಾಗೆ ನಿಂತುಬಿಟ್ಟೆ.

"ಮುನಿರಾಜು, ಕಾಲು ನೋಡ್ಕೊಳ್ಳಿ."

ಅವರು ಬಗ್ಗಿ ನೋಡಿದರು. ಕಾಲು ನಿಂತಿತು. ತಲೆ ಎತ್ತಿದಾಗ ಮುಖದಲ್ಲಿ ನಗು ಇತ್ತು.

"ಅದಕ್ಕಿನ್ನೂ ಯೋಳಿಲ್ಲ ಮೇಡಂ."

ಅವರು ಆ ಮಷೀನಿನಲ್ಲೇ ಇನ್ನೂ ಒಂಬತ್ತು ವರ್ಷ ದುಡಿದು, ಒಂದು ಗೀರು ಗಾಯವೂ ಇಲ್ಲದೆ ಕೆಲಸ ಬಿಟ್ಟರು. ಪಾಟೀಲರು ಎರಡನೇ ವರ್ಷಕ್ಕೆ ಉಳಿದ ಪ್ರೆಸ್‌ಗಳಿಗೂ ಗುಂಡಿ ಹಾಕಿಸಿದರು. ನನ್ನ ಮಾತಿಗಲ್ಲ, ಮಾಲು ಕಮ್ಮಿಯಾಗಲಿಲ್ಲ ಎಂಬ ಕಾರಣಕ್ಕೆ.

ಈಗ ನಿಮಗೆ ಹೇಳುವುದು. ಸೂಜಿ ಕಲಿಯಿರಿ. ಯಾರ ಹತ್ತಿರ ಕಲಿತರೂ ಮೊದಲು ನಿಮ್ಮ ಮೈಗೆ ಚುಚ್ಚಿಕೊಂಡು ನೋಡಿ. ಮಂಡಿಯ ಹಿಂದಿನ ಗುಳಿ, ಗಿಣ್ಣಿನ ಒಳಮಗ್ಗುಲು ನರ ಮತ್ತು ರಕ್ತನಾಳದ ದಾರಿ, ಅಲ್ಲಿ ಧೈರ್ಯ ತೋರಿಸಬೇಡಿ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದಾರೆಯೇ, ಊಟ ಆಗಿದೆಯೇ ಎಂದು ಬಾಯಿ ಬಿಟ್ಟು ಕೇಳಿ, ಅವರಾಗಿ ಹೇಳುವುದಿಲ್ಲ. ಚುಚ್ಚಿದಷ್ಟೂ ಸೂಜಿಗಳನ್ನು ಎಣಿಸಿ ತೆಗೆಯಿರಿ. ಒಂದು ದಿನ ಮೈಕೈ ನೋವಿರುತ್ತದೆ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ರಾತ್ರಿ ಫೋನ್ ಬರುತ್ತದೆ. ಸೂಜಿ ಹಾಕಿ ಹಿಗ್ಗಿಸುವ ವ್ಯಾಯಾಮ ಬಿಟ್ಟರೆ ಅವರ ದುಡ್ಡೂ ನಿಮ್ಮ ಶ್ರಮವೂ ಮೂರು ದಿನಕ್ಕೆ ನೀರು.

ಕಾರ್ಖಾನೆಯೊಂದಿಗೆ ಕರಾರು ಮಾಡುವಾಗ ದುಡ್ಡಿಗೆ ಎಷ್ಟು ಬೇಕಾದರೂ ಜಗ್ಗಾಡಿ, ಹೊ‍ತ್ತಿಗೆ ಮಾತ್ರ ಬಗ್ಗಬೇಡಿ. ಕಾಲಿಗೆ ಸೂಜಿ ಹಾಕಿದ ದಿನ ಮಷೀನಿಲ್ಲ, ಸ್ಕೂಟರಿಲ್ಲ, ಏಣಿಯಿಲ್ಲ. ಕಾರ್ಡಿನಲ್ಲಿ ವೃತ್ತಿಯ ಮುಂದೆ ಎರಡು ಪದ ಗೀಚಿ ಮುಗಿಸಬೇಡಿ, ಆ ಕೈಕಾಲು ದಿನವೆಲ್ಲ ಏನು ಮಾಡುತ್ತದೆ ಎಂದು ಎದ್ದು ನಿಂತು ಮಾಡಿ ತೋರಿಸಲು ಹೇಳಿ. ಸಾಧ್ಯವಾದರೆ ಅವರು ಕೆಲಸ ಮಾಡುವ ಜಾಗಕ್ಕೇ ಹೋಗಿ ಅರ್ಧ ಗಂಟೆ ನೋಡಿ. ಬಿಗಿದದ್ದನ್ನು ಬಿಡಿಸುವ ಮುನ್ನ, ಅದು ಬಿಗಿದಿದ್ದರಿಂದ ಏನೇನು ನಡೆಯುತ್ತಿತ್ತು ಎಂದು ತಿಳಿದುಕೊಳ್ಳಿ. ಕೊನೆಯ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಿರುವಾಗ, "ಈಗ ಇಲ್ಲಿಂದ ಎಲ್ಲಿಗೆ ಹೋಗ್ತೀರಾ?" ಎಂದು ಕೇಳಿ. ಉತ್ತರ ಕೇಳಿಸಿಕೊಳ್ಳುವವರೆಗೆ ಅವರನ್ನು ಬೆಂಚಿನಿಂದ ಇಳಿಸಬೇಡಿ.